ಒಂದೂ ಕೊಳೆಯದ ಚೀನಿಕಾಯಿಗಳು

ಕ್ವಾರ್ಟರ್ಸ್ ಕಟ್ಟಿಸಿದ ಇಂಜಿನಿಯರಿಗೆ ಪ್ರಪಂಚದಲ್ಲಿ ಚೀನಿಕಾಯಿ ಎಂಬ ವಸ್ತುವೊಂದಿದೆ ಎಂದು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಕಾರ್ಗಲ್ಲಿನ ವಿದ್ಯುತ್ ಕಾಲೊನಿಯಲ್ಲಿ ನನ್ನ ಭಾವ ಮುಕುಂದಯ್ಯನವರಿಗೆ ಕೊಟ್ಟ ಮನೆಯಲ್ಲಿ ನಲ್ಲಿ, ಕರೆಂಟು, ಎರಡು ಕೋಣೆ ಎಲ್ಲ ಇದ್ದವು. ಅಟ್ಟ ಮಾತ್ರ ಇರಲಿಲ್ಲ. ತಲೆಯೆತ್ತಿದರೆ ನುಣ್ಣಗಿನ ಸಿಮೆಂಟು. ಚೀನಿಕಾಯಿಯನ್ನು (ಪೇಟೆಯವರ ಬಾಯಲ್ಲಿ ಸಿಹಿಗುಂಬಳ) ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಲು ಒಂದು ಜಂತಿಯಾದರೂ ಬೇಡವೆ?

ನಾನು ಹತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವನು. ಪಾಠ ತಿಳಿಯುತ್ತಿರಲಿಲ್ಲ ಎಂದಲ್ಲ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಿನಲ್ಲಿ ಚಾಪೆ ಹಾಸಿ ಮಲಗಿಬಿಡುತ್ತಿತ್ತು. ಅಪ್ಪ ನನ್ನನ್ನು ಅಕ್ಕ ಶರಾವತಿಯ ಮನೆಗೆ ಕಳಿಸಿದರು. ಅಕ್ಕನ ಅತ್ತೆ ವರದಮ್ಮನವರು ತೀರ್ಥಹಳ್ಳಿ ಕಡೆಯಿಂದ ಕೊಟ್ಟುಕಳಿಸಿದ ಬೀಜವನ್ನು ನಾನು ಹಿತ್ತಲಿನಲ್ಲಿ ಊರಿದೆ. ಬಳ್ಳಿಯ ಜೊತೆ ಮಾತಾಡಬೇಕಾಗಿರಲಿಲ್ಲ. ಹಾಗಾಗಿ ಅದೂ ನಾನೂ ಚೆನ್ನಾಗಿ ಹೊಂದಿಕೊಂಡೆವು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಡಜನ್ನಿಗೂ ಮಿಕ್ಕಿ ಕಾಯಿ!

ಭಾವ ಅಂಗಳದಲ್ಲಿ ನಿಂತು ಘೋಷಿಸಿದರು: “ನೋಡು ಶ್ಯಾಮ, ಮಳೆ ಹಿಡಿಯೂದ್ರೊಳಗೆ ಅಮ್ಮ ಬರ್ತಾರೆ. ಅಷ್ಟರಲ್ಲಿ ಒಂದೇ ಒಂದು ಕಾಯಿ ಕೊಳೀತು ಅಂದ್ರೆ ನೀನು ಸೀದಾ ಸಾಗರದ ಟ್ಯುಟೋರಿಯಲ್ಲಿಗೆ. ಕೊಳೀಲಿಲ್ಲ ಅಂದ್ರೆ ಓದು ಅನ್ನೋ ಮಾತೇ ನಾ ಎತ್ತಲ್ಲ.”

ಅಂದಿನಿಂದ ಚೀನಿಕಾಯಿ ಸಂರಕ್ಷಣಾ ಮಹಾಯಜ್ಞ ಆರಂಭವಾಯಿತು. ತೊಟ್ಟು ಕಾಯಲ್ಲೇ ಉಳಿಯುವಂತೆ ಕೊಯ್ದೆ. ತೊಟ್ಟು ಹಿಡಿದು ಎತ್ತದೆ, ಎಳೆಮಗುವಿನಂತೆ ಎರಡು ಕೈಯಲ್ಲಿ ಎತ್ತಿ ಬಿಸಿಲು ಕಾಯಿಸಿದೆ. ಹುಲ್ಲಿನ ಸಿಂಬೆ ಸುತ್ತಿ, ಒಂದೊಂದಕ್ಕೂ ಒಂದೊಂದು ಪೀಠ ಮಾಡಿ, ಒಂದಕ್ಕೊಂದು ತಾಗದ ಹಾಗೆ ಮಂಚದ ಕೆಳಗೆ, ಟ್ರಂಕಿನ ಮೇಲೆ, ಬಾಗಿಲ ಮೂಲೆಯಲ್ಲಿ ಇಟ್ಟೆ. ದಿನವೂ ಮಗ್ಗುಲು ಬದಲಾಯಿಸಿದೆ.

ಶಿಫ್ಟು ಮುಗಿಸಿ ಬಂದ ಭಾವನ ಹೆಬ್ಬೆರಳು ಒಂದು ಪೀಠಕ್ಕೆ ಬಡಿಯಿತು.

“ಇದೇನು ಮನೆಯೋ ಚೀನಿಕಾಯಿ ಆಸ್ಪತ್ರೆಯೋ ಮಾರಾಯ್ತಿ! ಅವಕ್ಕೆ ಹಾಸಿಗೆ, ನಂಗೆ ಬರೀ ನೆಲ!”

“ನಿಮ್ಮಮ್ಮ ಕೊಟ್ಟ ಬೀಜ ಅಲ್ದಾ? ಹೊಂದ್ಕಂಡು ಮಲ್ಗಿ,” ಎಂದಳು ಅಕ್ಕ. ಆದರೆ ಮರುದಿನ ಅವಳೇ ಒಂದು ಟ್ರಂಕು ತೆಗೆಯಲು ನಾಲ್ಕು ಕಾಯಿ ಎತ್ತಿಡಬೇಕಾಗಿ ಬಂದಾಗ ಅವಳ ನ್ಯಾಯವೂ ಬದಲಾಯಿತು. “ಶ್ಯಾಮಾ, ಇವಷ್ಟನ್ನೂ ಮುಂದಿನ ಸಾಲಿನೋರ ಮನೇಲಿ ಎರಡೆರಡು ಇಟ್ಟು ಬಾ. ಹೇಳಿ ಇಟ್ಟು ಬಾ. ಹೇಳಿ! ಗೊತ್ತಾಯ್ತನಾ?”

ಹೇಳುವುದೆಂದರೆ ನನಗೆ ಪರೀಕ್ಷೆಯೇ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದೆ: ‘ಇದು ಕೊಟ್ಟದ್ದಲ್ಲ, ನಿಮ್ಮಲ್ಲಿ ಕಾಪಾಡೋಕೆ ತಂದದ್ದು. ಅತ್ತೆ ಬಂದಾಗ ವಾಪಸು ಬೇಕು.’ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೂವಮ್ಮನವರು ಬಾಗಿಲು ತೆರೆದರು. “ಅಯ್ಯೋ ನಮ್ಮಪ್ಪಾ, ಎಂಥಾ ಕಾಯಿ ಇದು!”

“ಇದು...” ಎಂದೆ.

“ನಿಮ್ಮ ಹಿತ್ಲದ್ದು, ಗೊತ್ತಿಲ್ವನಾ ನಂಗೆ?”

“ಅಲ್ಲ, ಅತ್ತೆ...”

“ಅತ್ತೇರು ಬೀಜ ಕೊಟ್ಟಿದ್ದೂ ಗೊತ್ತು ಮಾರಾಯ! ಶರಾವತಿ ಮನಸ್ಸು ದೊಡ್ಡದು ಬಿಡು.” ಕಾಯಿಗಳು ಒಳಗೆ ಹೋದವು. ನನ್ನ ಬಾಯಿಗೆ ಚಕ್ಕುಲಿ ಬಂತು. ಚಕ್ಕುಲಿ ಇರುವ ಬಾಯಲ್ಲಿ ಮಾತಾಡುವುದು ಮರ್ಯಾದೆಯಲ್ಲ. ಹಾಲಮ್ಮನವರ ಮನೆಯಲ್ಲೂ, ಉಳಿದ ಮನೆಗಳಲ್ಲೂ ಇದೇ ಕಥೆ. ತಿಂಡಿ ಮಾತ್ರ ಬೇರೆ.

“ಹೇಳಿದ್ಯನಾ?” ಎಂದಳು ಅಕ್ಕ.

“ಹ್ಞೂಂ,” ಎಂದೆ. (‘ಇದು’, ‘ಅಲ್ಲ’, ‘ಅತ್ತೆ’ ಎಂದು ಹೇಳಿದ್ದೆನಲ್ಲ. ಪೂರ್ತಿ ಸುಳ್ಳೇನಲ್ಲ.)

ವಾರ ಕಳೆದಿರಲಿಲ್ಲ, ಹೂವಮ್ಮನವರ ಕೂಗು ಬಂತು. “ಶ್ಯಾಮಾ, ಬಾ ಇಲ್ಲಿ. ನಮ್ಮನೆಯೋರು ಡ್ಯೂಟಿಗೆ ಹೋಗಿದಾರೆ. ಚೀನಿಕಾಯಿ ಒಡೆಯೋಕೆ ಒಂದು ಗಂಡು ಕೈ ಬೇಕಿತ್ತು.”

ನಮ್ಮ ಕಡೆ ಇಡೀ ಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವುದಿಲ್ಲ. ಗಂಡಸೊಬ್ಬ ಒಡೆದುಕೊಟ್ಟ ಮೇಲೆಯೇ ಅವರು ಹೆಚ್ಚುವುದು. ಹಗಲು ಹೊತ್ತಿನಲ್ಲಿ ಇಡೀ ಸಾಲಿಗೆ ಉಳಿದಿದ್ದ ಗಂಡಸು, ಮೀಸೆ ಮೂಡದಿದ್ದರೂ, ನಾನೊಬ್ಬನೇ.

ನಾನು ಮಗ್ಗುಲು ಬದಲಿಸಿ ಸಾಕಿದ ಕಾಯಿ ಮಣೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ವಾಕ್ಯ ಗಂಟಲಿಗೆ ಬಂತು. ಆದರೆ ಒಲೆಯ ಮೇಲೆ ಎಣ್ಣೆ ಕಾದಿತ್ತು, ಸಾಸಿವೆ ಹೂವಮ್ಮನವರ ಕೈಯಲ್ಲಿತ್ತು. ಈಗ ವಾಪಸು ಕೊಡಿ ಎಂದರೆ ಆ ತಾಯಿ ಒಗ್ಗರಣೆಯನ್ನು ಯಾವುದಕ್ಕೆ ಹಾಕಬೇಕು? ಇಷ್ಟಕ್ಕೂ ಒಡೆದ ಕಾಯಿ ಕೊಳೆತ ಕಾಯಿಯ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಭಾವ ಅದನ್ನು ಸ್ಪಷ್ಟಪಡಿಸಿರಲಿಲ್ಲ. ಈ ಗೊಂದಲ ಬಗೆಹರಿಯುವುದರೊಳಗೆ ಕೈ ಕತ್ತಿ ಎತ್ತಿತ್ತು. ಎರಡೂ ಹೋಳು ಸಮವಾಗಿ ಬಂದವು. ಅದೇ ಕೇಡಾಯಿತು.

“ಶ್ಯಾಮನ ಕೈಗುಣ ಚೆನ್ನಾಗಿದೆ, ಒಂದೇ ಕುದಿಗೆ ಬೆಂತು,” ಎಂದು ಸಾಲಿಗೆಲ್ಲ ಸುದ್ದಿಯಾಯಿತು. ಹಾಲಮ್ಮನವರು ಕರೆದರು. ಆಚೆ ಮನೆಯವರು ಕರೆದರು. ರಕ್ಷಕನೇ ಕತ್ತಿ ಹಿಡಿದು ಮನೆಮನೆ ತಿರುಗಿದ. ಸಂಜೆ ಅಕ್ಕನಿಗೆ ಬಟ್ಟಲುಗಟ್ಟಲೆ ಪಲ್ಯ, ಹುಳಿ, ಮೊಸರಿನ ಸಾಸಿವೆ.

“ಈ ಸಲ ಎಲ್ರೂ ಚೀನಿಕಾಯಿ ಬೆಳೆದ್ರು ಅಂತ ಕಾಣ್ತದೆ,” ಎಂದು ಅಕ್ಕ ಬಡಿಸಿದಳು. ನಾನು ತಲೆತಗ್ಗಿಸಿ ಉಂಡೆ.

ಮಳೆಗೆ ಮುಂಚೆ ವರದಮ್ಮನವರು ಬಂದೇ ಬಂದರು. “ಎಲ್ಲಿ, ತೋರ್ಸು,” ಎಂದರು ಭಾವ. ನನ್ನ ಹಿಂದೆ ಮೂವರೂ ಮೆರವಣಿಗೆ ಹೊರಟು ಹೂವಮ್ಮನವರ ಮನೆ ಮುಟ್ಟಿದರು. ಮಂಚದ ಕೆಳಗೆ ಒಂದೇ ಒಂದು ಕಾಯಿ ಉಳಿದಿತ್ತು.

“ಬಾಕಿಯೆಲ್ಲಾ?” ಭಾವನ ಹುಬ್ಬು ಮೇಲೇರಿತು.

“ಬಾಕಿದೆಲ್ಲಾ ಸಾಲಿನೋರೆಲ್ಲಾ ಸೇರಿ ತಿಂದ್ವಲ್ರೋ! ನೀವು ಕೊಟ್ಟಿದ್ದು, ಶ್ಯಾಮ ಒಡೆದಿದ್ದು!” ಎಂದರು ಹೂವಮ್ಮ.

ಅಕ್ಕ ನನ್ನನ್ನು ನೋಡಿದಳು. ಭಾವ ಅಕ್ಕನನ್ನು ನೋಡಿದರು. ನಾನು ಆ ದಿನದ ಮೊದಲ ಮಾತಾಡಿದೆ. “ಒಂದೂ ಕೊಳೀಲಿಲ್ಲ ಭಾವ.”

ವರದಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಿನ ಮನೆಗಳಿಂದ ಅವರಿಗೆ ಒಣಗಿಸಿಟ್ಟ ಬೀಜದ ಪೊಟ್ಟಣಗಳು ಬಂದವು. “ಹುಡುಗ ಗೆದ್ದ ಕಣಾ ಮುಕುಂದ,” ಎಂದು ತೀರ್ಪಿತ್ತರು.

“ಆಯ್ತು. ಓದು ಅನ್ನೋ ಮಾತು ನಾ ಎತ್ತಲ್ಲ,” ಎಂದರು ಭಾವ. ನನ್ನ ಎದೆಯ ಮೇಲಿಂದ ಚೀನಿಕಾಯಿಯಂಥದೇ ಒಂದು ಭಾರ ಇಳಿಯಿತು.

ಆಗ ಹೂವಮ್ಮನವರು ಸೆರಗಿಗೆ ಕೈ ಒರೆಸಿಕೊಂಡರು. “ಅದೇ ಹೇಳಣ ಅಂತಿದ್ದೆ. ಸಾಗರದ ಟ್ಯುಟೋರಿಯಲ್ಲಲ್ಲಿ ಪಾಠ ಹೇಳೋದು ನನ್ನ ತಮ್ಮ ಕನ್ನಪ್ಪನೇ ಅಲ್ವಾ? ಇಷ್ಟು ಮಾಡಿದ ಹುಡುಗನ್ನ ಹಂಗೇ ಬಿಡೋಕಾಗ್ತದಾ? ಮುಂದಿನ ಬೆಂಚಲ್ಲೇ ಜಾಗ ಇಡಿಸಿದೀನಿ, ಮೇಷ್ಟ್ರ ಕಣ್ಣೆದುರಿಗೇ. ಹೋಗ್ತೀಯಲ್ವನಾ ಶ್ಯಾಮಾ?”

ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೆ ಇಂದಿಗೂ ಸ್ಪಷ್ಟವಿಲ್ಲ. ಎಲ್ಲರೂ ‘ಹೌದು’ ಎಂದುಕೊಂಡರು.

“ನಾನಂತೂ ಎತ್ಲಿಲ್ಲಪ್ಪಾ,” ಎಂದರು ಭಾವ, ಚಾವಣಿ ನೋಡುತ್ತ.

ಮೇಷ್ಟ್ರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ವರದಮ್ಮನವರು ಉಳಿದೊಂದು ಕಾಯಿಯನ್ನು ನನ್ನ ಕೈಗಿತ್ತರು. ಸಿಂಬೆಯ ಸಮೇತ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸಾಗರಕ್ಕೆ ಒಯ್ದೆ. ಕನ್ನಪ್ಪ ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. “ಬಂದಿದ್ದು ಒಳ್ಳೇದಾಯ್ತು ನೋಡು! ಇವ್ರು ಆಗಲೇ ಕ್ಲಾಸಿಗೆ ಹೋದ್ರು. ಒಂದು ಕತ್ತಿ ಹಾಕಿಕೊಟ್ಟು ಹೋಗು ಮಾರಾಯ.”

ಹಾಕಿಕೊಟ್ಟೆ.

ತರಗತಿಯ ಬಾಗಿಲಿಗೆ ಬಂದಾಗ ಪಾಠ ಅರ್ಧ ಮುಗಿದಿತ್ತು. ಅಂಗಿಯ ತೋಳಿಗೆ ಹಳದಿ ತಿರುಳು ಅಂಟಿತ್ತು. ಐವತ್ತು ತಲೆಗಳು ತಿರುಗಿದವು. “ಯಾರು? ಯಾಕೆ ತಡ?” ಎಂದರು ಮೇಷ್ಟ್ರು.

ಉತ್ತರಕ್ಕಾಗಿ ತಡಕಾಡಿದೆ. ಒಳಗೆ ಸಿದ್ಧವಾಗಿದ್ದ ವಾಕ್ಯ ಒಂದೇ ಒಂದಿತ್ತು. ಅದೇ, ಒಂದಕ್ಷರ ತಪ್ಪದೆ, ಗಟ್ಟಿಯಾಗಿ ಹೊರಬಂತು:

“ಇದು ಕೊಟ್ಟದ್ದಲ್ಲ, ನಿಮ್ಮಲ್ಲಿ ಕಾಪಾಡೋಕೆ ತಂದದ್ದು. ಅತ್ತೆ ಬಂದಾಗ ವಾಪಸು ಬೇಕು.”