ಮಣ್ಣಲ್ಲಿ ಕರಗಬೇಕಾದ ಬೂಟು

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಏನೂ ನಡೆಯಬಾರದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ನಡೆಯುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಂತೂ ಆ ವರ್ಷ ಒಂದರ ಹಿಂದೆ ಒಂದು ನಡೆಯಿತು. ನಗಬಹುದೋ ಬಾರದೋ ತಿಳಿಯದೆ ನಾನೂ ನಮ್ಮ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತದ್ದು ಎಷ್ಟು ಸಲವೋ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಒಂದು ಸಣ್ಣ ಬೂಟಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಮೈಸೂರಿನ ಕಡೆಯವರು ನಾವು. ಗೋರೆಗಾಂವ್‌ನಲ್ಲಿ ಹಳೇ ಬಿಲ್ಡಿಂಗಿನ ಮೊದಲ ಮಹಡಿಯ ಪುಟ್ಟ ಮನೆ. ಅವರು, ನಾನು, ಅತ್ತೆ. ಮಕ್ಕಳಾಗಿರಲಿಲ್ಲ. ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟವರು ಸ್ಟೇಷನ್ ಸೇತುವೆ ಹತ್ತುವಾಗ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಡಬ್ಬಿಯನ್ನು ಯಾರೋ ಪುಣ್ಯಾತ್ಮರು ಮನೆಗೆ ತಂದುಕೊಟ್ಟರು. ಒಳಗಿನ ಅನ್ನ ಇನ್ನೂ ಬೆಚ್ಚಗಿತ್ತು.

ದೊಡ್ಡ ಪಾದ

ವೈಕುಂಠ ಸಮಾರಾಧನೆ ಮುಗಿದ ಮೇಲೆ ಕಾರ್ಖಾನೆಯ ಸೇಠ್ ಮನೆಗೆ ಬಂದರು. ಗುಜರಾತಿನವರು, ವಯಸ್ಸಾದವರು. ಕುರ್ಚಿಯ ಮೇಲೆ ಕೂತು ನೀರು ಕುಡಿದು ತುಂಬ ಹೊತ್ತು ನೆಲವನ್ನೇ ನೋಡಿದರು. ಪಾಪ, ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಆಮೇಲೆ ಹಿಂದಿಯಲ್ಲಿ ಕೇಳಿದರು: "ಬೆಹೆನ್, ನಿಮ್ಮ ಪಾದ ಎಷ್ಟನೇ ನಂಬರು?"

ಅವರು ನೋಡುತ್ತಿದ್ದದ್ದು ನೆಲವನ್ನಲ್ಲ, ನನ್ನ ಕಾಲನ್ನು.

ವಿಷಯ ಹೀಗಿತ್ತು. ಫಾರಿನ್ನಿನ ಒಬ್ಬ ಗಿರಾಕಿ ಹೆಂಗಸರು ವಾಕಿಂಗ್ ಹೋಗುವ ಬೂಟು ಕೇಳಿದ್ದ. ಮೇಲೆ ಸೆಣಬಿನ ಬಟ್ಟೆ, ಒಳಗೆ ತೆಂಗಿನ ನಾರು, ತಳಕ್ಕೆ ಕೇರಳದ ಮರದ ಹಾಲಿನ ರಬ್ಬರು. ಪ್ಲಾಸ್ಟಿಕ್ ಒಂದು ಚೂರೂ ಇರಬಾರದು. ಹಪ್ಪಳದಷ್ಟು ಹಗುರವಾಗಿರಬೇಕು. ಸವೆದ ಮೇಲೆ ಬಿಸಾಡಿದರೆ ಎಲೆಯ ಹಾಗೆ ಮಣ್ಣಲ್ಲಿ ಕರಗಿಹೋಗಬೇಕು. ಭೂಮಿ ಕೆಡಬಾರದಂತೆ. ಆರ್ಡರ್ ಕೊಡುವ ಮೊದಲು ಅದನ್ನು ಯಾರಾದರೂ ಹಾಕಿಕೊಂಡು ಬೀದಿ ಬೀದಿ ನಡೆದು ನೋಡಬೇಕಿತ್ತು. ಆದರೆ ಆ ದೇಶದ ಹೆಂಗಸರ ಪಾದ ಉದ್ದ. ಕಾರ್ಖಾನೆಯ ಯಾವ ಹೆಂಗಸಿನ ಕಾಲಿಗೂ ಆ ಬೂಟು ನಿಲ್ಲುತ್ತಿರಲಿಲ್ಲ.

ಸೇಠ್ ತಂದಿದ್ದ ಜೋಡಿ ನನ್ನ ಕಾಲಿಗೆ ಅಳತೆ ತೆಗೆದ ಹಾಗೆ ಕೂತಿತು.

ನನ್ನನ್ನು ನೋಡಲು ಬಂದಿದ್ದಾಗ ಅತ್ತೆ ಅಂದಿದ್ದರು, "ಹುಡುಗಿ ಲಕ್ಷಣವಾಗಿದ್ದಾಳೆ, ಕಾಲು ಮಾತ್ರ ಗಂಡಸರ ಕಾಲಿದ್ದ ಹಾಗಿದೆ." ಆ ಮಾತು ಇಷ್ಟು ವರ್ಷ ನನ್ನೊಳಗೆ ಚುಚ್ಚುತ್ತಿತ್ತು. ಸೇಠ್ ಕೆಲಸ ಕೊಟ್ಟು ಹೋದ ಮೇಲೆ ಅತ್ತೆ ಅಡಿಗೆಮನೆಯಿಂದ ಬಂದು ನನ್ನ ಪಾದವನ್ನೇ ನೋಡುತ್ತ ನಿಂತರು.

"ನಾನು ಹೇಳಿರಲಿಲ್ಲವೇನೇ," ಅಂದರು, "ನಿನ್ನ ಕಾಲು ವಿಶೇಷವಾಗಿದೆ ಅಂತ."

ಚಟ್ನಿ

ಅದಾದ ಮೇಲೆ ಅತ್ತೆ ಮಾತು ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ ಕಿಟಕಿಯ ಹತ್ತಿರ ಕೂತರೆ ಕೂತರು. ಮೆಟ್ಟಿಲು ಇಳಿಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ನಾನು ಅತ್ತರೆ ಅವರೂ ಒಡೆದುಹೋಗುತ್ತಾರೆ ಅನ್ನುವ ಹೆದರಿಕೆಯಲ್ಲಿ ನಾನೂ ಮನೆಯಲ್ಲಿ ಅಳುತ್ತಿರಲಿಲ್ಲ. ಹಾಗಾಗಿ ನನ್ನ ಅಳುವೆಲ್ಲ ಬೀದಿಗೆ ಬಂತು. ಮುಂಬಯಿಯ ಬೀದಿಯಲ್ಲಿ ಅಳುವುದು ಸುಲಭ. ಯಾರಿಗೂ ನಿಂತು ಕೇಳುವಷ್ಟು ಪುರುಸೊತ್ತಿಲ್ಲ.

ಸೇಠ್ ಹೇಳಿದ್ದು ಒಂದೇ: ಎಲ್ಲಾದರೂ ನಡೆಯಿರಿ, ಕೂರಬೇಡಿ, ಎಲ್ಲಿ ಕಚ್ಚುತ್ತದೆ ಅಂತ ಬಂದು ಹೇಳಿ. ಸೀರೆಯ ಕೆಳಗೆ ಗೋಣಿಚೀಲದ ಬಣ್ಣದ ಬೂಟು ಹಾಕಿಕೊಂಡು ಸ್ಟೇಷನ್ ರಸ್ತೆ, ತರಕಾರಿ ಮಾರ್ಕೆಟ್ಟು, ಮೀನು ಮಾರುವ ಗಲ್ಲಿ ಎಲ್ಲ ಸುತ್ತುತ್ತಿದ್ದೆ.

ಸ್ಟೇಷನ್ ರಸ್ತೆಯಲ್ಲಿ ಒಂದು ಉಡುಪಿ ಹೋಟೆಲು. ಗಲ್ಲಾದಲ್ಲಿ ಕೂತಿದ್ದ ಮಾಲೀಕರು ಒಂದು ದಿನ ಎದ್ದು ಬಂದು ದಾರಿಗೆ ಅಡ್ಡ ನಿಂತರು.

"ಕನ್ನಡದವರಲ್ವಾ ಅಮ್ಮ? ಅಯ್ಯೋ ದೇವರೇ ಅಂದಿರಲ್ಲ, ಕೇಳ್ತು. ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ, ಅಳ್ತಾ ಆಚೆ ಈಚೆ ಹೋಗ್ತೀರಿ. ಒಳಗೆ ಬನ್ನಿ, ಕೂತ್ಕೊಳ್ಳಿ."

"ಕೂರೋ ಹಾಗಿಲ್ಲ. ಕೆಲಸದಲ್ಲಿದ್ದೀನಿ."

"ಎಂತ ಕೆಲಸ?"

"ನಡೆಯೋದು."

ಅವರು ನನ್ನ ಬೂಟು ನೋಡಿದರು, ಮುಖ ನೋಡಿದರು. "ಹಾಗಾದ್ರೆ ಅಳೋದು?"

"ಅದು ನನ್ನ ಸ್ವಂತದ್ದು."

ಅವರು ಒಳಗೆ ಹೋಗಿ ತಟ್ಟೆಯಲ್ಲಿ ಇಡ್ಲಿ ಹಾಕಿಸಿಕೊಂಡು ಬಂದು ಕೈಗಿಟ್ಟರು. ನಾನು ಹೋಟೆಲಿನ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ತಿಂದೆ. ಆಮೇಲೆ ಅದೇ ರೂಢಿಯಾಯಿತು. ದಿನಾ ನಾನು ಬರುವ ಹೊತ್ತಿಗೆ ತಟ್ಟೆ ಸಿದ್ಧವಾಗಿರುತ್ತಿತ್ತು. ಕೆಲವು ದಿನವಾದ ಮೇಲೆ ಒಮ್ಮೆ ಅವರೇ ಸಂಕೋಚದಿಂದ ಹೇಳಿದರು, "ಅಮ್ಮ, ತಪ್ಪು ತಿಳೀಬೇಡಿ. ಸ್ವಲ್ಪ ಆ ಮೂಲೆಯಿಂದಾಚೆಗೆ ಹೋಗಿ ತಿಂತೀರಾ? ಗಿರಾಕಿಗಳು ಕೇಳ್ತಾರೆ, ನಿಮ್ಮ ಚಟ್ನಿ ಅಷ್ಟು ಖಾರವಾ ಅಂತ."

ಮೇಕೆ

ಧಾರಾವಿಯ ಗಲ್ಲಿಗಳಲ್ಲೂ ಒಮ್ಮೆ ನಡೆದು ನೋಡಿ ಅಂದರು ಸೇಠ್. ಅಲ್ಲಿಯ ನೆಲ ತಡೆದುಕೊಂಡರೆ ಯಾವ ದೇಶದ ನೆಲವಾದರೂ ಸರಿ ಅಂತ ಅವರ ಲೆಕ್ಕ. ಹೋದೆ. ಚರ್ಮದ ಚೀಲ ಹೊಲಿಯುವ ಒಂದು ಅಂಗಡಿಯ ಮುಂದೆ ನಿಂತು ದಾರಿ ಕೇಳುತ್ತಿದ್ದೆ. ಒಳಗಿದ್ದ ಮುದುಕ ಎಡಕ್ಕೆ, ಆಮೇಲೆ ಬಲಕ್ಕೆ ಅಂತ ವಿವರಿಸುತ್ತಿದ್ದ. ಹಿಮ್ಮಡಿಯನ್ನು ಯಾರೋ ಎಳೆದ ಹಾಗಾಯಿತು. ತಿರುಗಿ ನೋಡಿದರೆ ಬಾಗಿಲಿಗೆ ಕಟ್ಟಿದ್ದ ಮೇಕೆ ನನ್ನ ಬೂಟು ಮೇಯುತ್ತಿತ್ತು. ಕಾಲು ಕಿತ್ತುಕೊಂಡೆ. ಬೂಟು ಮೇಕೆಯ ಬಾಯಲ್ಲೇ ಉಳಿಯಿತು.

ಮುದುಕ ಓಡಿ ಬಂದು ನನ್ನ ಮೇಲೇ ಸಿಟ್ಟಾದ. "ಏನು ಹಾಕಿದ್ದೀರಿ ಇದರಲ್ಲಿ? ನನ್ನ ಮೇಕೆ ಸತ್ತರೆ?"

"ಸೆಣಬು, ತೆಂಗಿನ ನಾರು, ಅಷ್ಟೇ," ಅಂದೆ.

"ಮತ್ತೆ ಅದು ಬೂಟು ಹೇಗಾಯ್ತು? ಹುಲ್ಲೇ ಅಲ್ಲವಾ?" ಅಂದ.

ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಹಾಗೇ ಲೋಕಲ್ ರೈಲು ಹತ್ತಿದೆ. ಹೆಂಗಸರ ಬೋಗಿಯಲ್ಲಿ ಎಲ್ಲರೂ ಸರಿದು ಜಾಗ ಕೊಟ್ಟರು. ಕೂತೆ. ನನಗೇ ನಗು ಬಂತು. ಮನೆಗೆ ಹೋಗಿ ಇವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅಂತ, ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಮಾತು ಜೋಡಿಸಿಕೊಳ್ಳುತ್ತ ಬಂದೆ. ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, "ಇವತ್ತು ಏನಾಯ್ತು ಗೊತ್ತಾ" ಅಂತ ಬಾಯಿ ತೆರೆದೆ. ಎದುರಿಗೆ ಗೋಡೆಯ ಮೇಲೆ ಅವರ ಫೋಟೋ ಇತ್ತು, ಹಾರ ಹಾಕಿದ್ದು.

ಕಿಟಕಿಯ ಹತ್ತಿರ ಕೂತಿದ್ದ ಅತ್ತೆ ತಿರುಗಿದರು. ತೆರೆದ ಬಾಯಿ ಮುಚ್ಚಲಾರದೆ ಎಲ್ಲವನ್ನೂ ಅವರಿಗೇ ಹೇಳಿದೆ. ಅವರು ನಗಲಿಲ್ಲ. ತುಂಬ ಯೋಚನೆ ಮಾಡಿ, ಎಷ್ಟೋ ದಿನಗಳ ಮೇಲೆ ಮೊದಲ ಮಾತು ಆಡಿದರು.

"ಮೇಕೆ ಏನಾಯ್ತು?"

ಮಾರನೇ ದಿನ ಸೇಠ್ ಕೂಡ ಅದನ್ನೇ ಕೇಳಿ, ನೋಡಿಕೊಂಡು ಬನ್ನಿ ಅಂತ ನನ್ನನ್ನೇ ಕಳಿಸಿದರು. ಮುದುಕ ದೂರದಿಂದಲೇ ಕೈ ಬೀಸಿದ. "ಚೆನ್ನಾಗಿದೆ ಬೆಹೆನ್‌ಜಿ. ಇನ್ನೊಂದು ಕಾಲಿಂದು ತಂದಿದ್ದೀರಾ?"

ಸುತ್ತೋದಕ್ಕೆ ಹೋಗಿದ್ದಾಳೆ

ಮಳೆ ಹಿಡಿಯುವ ಮುಂಚೆ ನನ್ನ ನಾದಿನಿ ಮೈಸೂರಿನಿಂದ ಬಂದಳು. ಅಮ್ಮನನ್ನು ಕರೆದುಕೊಂಡು ಹೋಗುವುದು, ನನ್ನನ್ನು ನನ್ನ ಅಣ್ಣನ ಮನೆಗೆ ಕಳಿಸುವುದು, ಮನೆ ಖಾಲಿ ಮಾಡುವುದು ಅಂತ ಅಲ್ಲಿ ಎಲ್ಲರೂ ಕೂತು ಮಾತಾಡಿಕೊಂಡಿದ್ದರು. ಅವಳು ಬಂದಾಗ ನಾನು ಕೆಲಸಕ್ಕೆ ಹೋಗಿದ್ದೆ.

"ಅತ್ತಿಗೆ ಎಲ್ಲಮ್ಮ?" ಅಂತ ಕೇಳಿದಳಂತೆ.

"ಬೀದಿ ಸುತ್ತೋದಕ್ಕೆ ಹೋಗಿದ್ದಾಳೆ," ಅಂದರಂತೆ ಅತ್ತೆ, ಇದ್ದದ್ದು ಇದ್ದ ಹಾಗೆ.

ನಾನು ಮನೆಗೆ ಬರುವ ಹೊತ್ತಿಗೆ ನಾದಿನಿ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಬೂಟಿನ ದಾರ ಬಿಚ್ಚುತ್ತಿದ್ದ ನನ್ನನ್ನು ನೋಡಿ ಅವಳ ಅಳು ಇನ್ನೂ ಜೋರಾಯಿತು. ಎಲ್ಲ ತಿಳಿಸಿ ಹೇಳಿದೆ. ಸಮಾಧಾನವಾಯಿತು, ಆದರೆ ನಿರ್ಧಾರ ಬದಲಾಗಲಿಲ್ಲ. ಪೆಟ್ಟಿಗೆ ತೆಗೆದು ಅಮ್ಮನ ಸೀರೆಗಳನ್ನು ಮಡಿಸಿಡತೊಡಗಿದಳು. ನಾನು ಒಲೆಯ ಮುಂದೆ ನಿಂತು ಹಾಲು ನೋಡುತ್ತಿದ್ದೆ. ಇರಿ ಅನ್ನುವುದಕ್ಕೆ ನನಗೆ ಯಾವ ಬಾಯಿ? ಅವರ ಮಗನೇ ಇಲ್ಲದ ಮನೆ.

"ನಾನು ಬಂದುಬಿಟ್ಟರೆ," ಅಂದರು ಅತ್ತೆ ಕಿಟಕಿಯ ಹತ್ತಿರದಿಂದ, "ಸಾಯಂಕಾಲ ಇವಳಿಗೆ ಬಾಗಿಲು ತೆಗೆಯೋರು ಯಾರು?"

"ಅತ್ತಿಗೆ ಹತ್ತಿರ ಬೀಗದ ಕೈ ಇರುತ್ತಲ್ಲಮ್ಮ."

"ಬೀಗದ ಕೈ ಬಾಗಿಲು ತೆಗೆಯುತ್ತೆ. ಇಷ್ಟು ಹೊತ್ತು ಯಾಕಾಯ್ತು ಅಂತ ಬೈಯುತ್ತಾ?"

ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಬೈಸಿಕೊಂಡೆ.

ಹೂತದ್ದು

ಕೊನೆಗೆ ಸೇಠ್ ಒಂದು ಹೊಸ ಕೆಲಸ ಹೇಳಿದರು. ಬೂಟು ನಿಜವಾಗಿ ಮಣ್ಣಲ್ಲಿ ಕರಗುತ್ತದೆಯೋ ಅಂತ ಗಿರಾಕಿ ಮಳೆ ಮುಗಿದ ಮೇಲೆ ತಾನೇ ಬಂದು ನೋಡುತ್ತಾನಂತೆ. ಕಾರ್ಖಾನೆಯ ಸುತ್ತ ಎಲ್ಲ ಸಿಮೆಂಟು. "ನಿಮ್ಮ ಬಿಲ್ಡಿಂಗ್ ಹಿಂದೆ ಸ್ವಲ್ಪ ಮಣ್ಣಿದೆಯಲ್ಲ ಬೆಹೆನ್," ಅಂದರು. ಮೊದಲು ತನಗೆ ಕಳಿಸಿದ್ದಂಥ ಮಾದರಿಯನ್ನೇ ಹೂಳಬೇಕು ಅಂತ ಗಿರಾಕಿಯ ಹಟ. ಅದರಲ್ಲಿ ಉಳಿದದ್ದು ಒಂದೇ ಜೋಡಿ. ಹೋಲಿಸಿ ನೋಡುವುದಕ್ಕೆ ಒಂದನ್ನು ಕಪಾಟಿನಲ್ಲಿಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

ಕೈಗೆ ಬಂದ ತಕ್ಷಣ ಗುರುತಾಯಿತು. ಆ ಜೋಡಿಯನ್ನು ನಮ್ಮ ಯಜಮಾನರು ಒಂದು ಭಾನುವಾರ ಮನೆಗೆ ತಂದು, ಕಿಟಕಿಯ ಬೆಳಕಿನಲ್ಲಿ ಕೂತು, ಕೈಯಲ್ಲೇ ಹೊಲಿದು ಮುಗಿಸಿದ್ದರು. ಸೇಠ್‌ಗೆ ಅದು ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಮನೆಗೆ ಬಂದು ಅತ್ತೆಗೆ ಮಾತ್ರ ಹೇಳಿದೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು, ವಾಪಸ್ಸು ಕೊಟ್ಟರು. ಅವತ್ತು ಮೊದಲ ಸಲ ನನ್ನ ಜೊತೆ ಮೆಟ್ಟಿಲು ಇಳಿದು ಬಂದರು.

ಪಪ್ಪಾಯಿ ಗಿಡದ ಪಕ್ಕ ಗುಂಡಿ ತೋಡಿದೆವು. ಇಬ್ಬರು ವಿಧವೆಯರು ಬೂಟು ಹೂಳುವುದನ್ನು ಬಿಲ್ಡಿಂಗಿನ ಸೆಕ್ರೆಟರಿ ಬಾಲ್ಕನಿಯಿಂದ ನೋಡಿದರು. ಮಾಟ ಮಾಡುತ್ತಿದ್ದಾರೆ ಅಂತ ಸಂಜೆಯೊಳಗೆ ಎಲ್ಲ ಮನೆಗೂ ಸುದ್ದಿ ಮುಟ್ಟಿತು. ಭೂಮಿ ಕೆಡದಿರಲಿ ಅಂತ ಮಾಡುತ್ತಿರುವುದು ಅಂತ ನಾನು ವಿವರಿಸಿದ ಮೇಲಂತೂ ಅನುಮಾನ ಗಟ್ಟಿಯಾಯಿತು. ಮಳೆಗಾಲ ಪೂರ್ತಿ ಆ ಕಡೆ ಒಬ್ಬರೂ ಸುಳಿಯಲಿಲ್ಲ.

ಅತ್ತೆ ಮಾತ್ರ ದಿನಾ ಇಳಿದು ಹೋಗಿ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಕೆಸರಿನಲ್ಲೂ ಬರಿಗಾಲು. ಹೊರಗೆ ಬಂದರಲ್ಲ, ಅಷ್ಟೇ ಸಾಕು ಅಂತ ನಾನು ಏನೂ ಕೇಳಲಿಲ್ಲ.

ಮಳೆ ನಿಂತಿತು. ಸೇಠ್ ಆ ಗಿರಾಕಿಯನ್ನು ಕರೆದುಕೊಂಡು ಬಂದರು. ಎತ್ತರದ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು. ಯಾರಿಗೂ ಮುಟ್ಟಲು ಬಿಡದೆ ತಾನೇ ಮೊಣಕಾಲೂರಿ ಮಣ್ಣು ಬಗೆದ. ಬಿಲ್ಡಿಂಗಿನವರೆಲ್ಲ ಬಾಲ್ಕನಿಗಳಲ್ಲಿ ನಿಂತಿದ್ದರು. ಏನೋ ಸಿಕ್ಕಿತು. ಎಳೆದು ತೆಗೆದು ಮಣ್ಣು ಒರೆಸಿದ.

ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಎಳ್ಳಷ್ಟೂ ಕರಗಿರಲಿಲ್ಲ. ಹೊಸದರ ಹಾಗಿತ್ತು.

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸೇಠ್ ಮುಖ ನೋಡಿದ. ಸೇಠ್ ಬೆವರು ಒರೆಸಿಕೊಳ್ಳುತ್ತ ಇಂಗ್ಲಿಷಿನಲ್ಲಿ ಹೇಳಿದರು, "ಸರ್, ದಿಸ್ ಈಸ್ ಡಿಫರೆಂಟ್ ಮಾಡೆಲ್."

ಅಷ್ಟರಲ್ಲಿ ಅತ್ತೆ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಅವರ ಮಗನ ಟವೆಲ್ಲು. ಬಿಚ್ಚಿದರು. ಒಳಗೆ ಆ ಬೂಟು ಇತ್ತು, ಒರೆಸಿ ಶುದ್ಧ ಮಾಡಿದ್ದು.

"ಹೂತ ಮಾರನೇ ದಿನವೇ ತೆಗೆದೆ," ಅಂದರು ನನಗೆ. "ಗುಂಡಿ ಖಾಲಿ ಇರಬಾರದು ಅಂತ ನನ್ನ ಚಪ್ಪಲಿ ಇಟ್ಟೆ. ಅವನನ್ನ ಸುಟ್ಟಾಯ್ತಲ್ಲ. ಅವನು ಮಾಡಿದ್ದನ್ನೂ ಮಣ್ಣು ತಿನ್ನಬೇಕೇನೇ?"

ಏನಂದರು ಅಂತ ಸೇಠ್ ಕೇಳಿದರು. ಹಿಂದಿಯಲ್ಲಿ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿ ಬೂಟಿನ ಹೊಲಿಗೆ ತೋರಿಸಿದೆ. ಉಳಿದದ್ದು ಅವರಿಗೇ ತಿಳಿಯಿತು. ಬೂಟು ತೆಗೆದುಕೊಂಡು ಹೊಲಿಗೆ ನೋಡಿದರು, ಯಾರ ಕೈಯದು ಅಂತ ಆಗ ಗೊತ್ತಾಯಿತು. ಕಣ್ಣು ಒರೆಸಿಕೊಂಡು ಆ ಮನುಷ್ಯನಿಗೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು. ಅವನು ಮಣ್ಣು ಮೆತ್ತಿದ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಎದ್ದು ನಿಂತ. ಮೆಲ್ಲಗೆ ಏನೋ ಅಂದ.

"ಬೇರೆ ಬೂಟು ತಮ್ಮ ಊರಲ್ಲೇ ಹೂತು ನೋಡ್ತಾರಂತೆ," ಅಂದರು ಸೇಠ್. "ಇದು ಅಮ್ಮನ ಹತ್ತಿರವೇ ಇರಲಿ ಅಂತಾರೆ. ಕಪಾಟಿನಲ್ಲಿರೋದನ್ನೂ ನಾನು ಕಳಿಸಿಕೊಡ್ತೀನಿ."

ನಾನು ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಹೋಗಲಿಲ್ಲ, ಆ ಮನುಷ್ಯನ ಮುಂದೆ ಕೈ ಚಾಚಿ ನಿಂತರು. ಕೈ ಕುಲುಕುವುದಕ್ಕೆ ಅಂತ ತಿಳಿದು ಅವನು ತನ್ನ ಕೈ ಒರೆಸಿಕೊಂಡು ಮುಂದೆ ಮಾಡಿದ. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಇದಲ್ಲ, ಚಪ್ಪಲಿ ಕೊಡು ಅನ್ನೇ ಅವನಿಗೆ. ಅದರ ಜೊತೇದು ಮಳೆಗಾಲ ಪೂರ್ತಿ ಮನೇಲಿ ಒಂಟಿಯಾಗಿ ಕೂತಿದೆ."