ವಾರಕ್ಕೊಮ್ಮೆ ಎಣ್ಣೆ

ಇಂಗ್ಲಿಷ್ ಪರೀಕ್ಷೆ ಅಂದರೆ ಏನು ಮಹಾ! ಒಂದು ಪಾಠ ಕೊಡುತ್ತಾರೆ, ಓದಬೇಕು, ಕೆಳಗಿನ ಪ್ರಶ್ನೆಗಳಿಗೆ ಗುರುತು ಹಾಕಬೇಕು. ಇಪ್ಪತ್ತೆರಡು ವರ್ಷದಿಂದ ಗಡಿಯಾರಗಳ ಹೊಟ್ಟೆಯೊಳಗೆ ಕೈಯಾಡಿಸಿದವನಿಗೆ ಇದು ಯಾವ ಲೆಕ್ಕ? ನಮ್ಮ ವರ್ಕ್‌ಶಾಪಿನಿಂದ ಒಬ್ಬರನ್ನು ಮಾತ್ರ ಗೋಪುರ ಗಡಿಯಾರದ ತರಬೇತಿಗೆ ಕಳಿಸುತ್ತಾರೆ, ಕಲಿತು ಬಂದವರೇ ಮುಂದಿನ ಮೇಸ್ತ್ರಿ, ಕಲಿಸುವುದು ಇಂಗ್ಲಿಷಿನಲ್ಲಾದ್ದರಿಂದ ಪರೀಕ್ಷೆ ಪಾಸಾಗಲೇಬೇಕು ಎಂದಾಗ ಎದೆ ತಟ್ಟಿಕೊಂಡು ಹೆಸರು ಕೊಟ್ಟೆ.

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ಓದಬಲ್ಲ ಮಹಾಪಂಡಿತೆ!

"ನೋಡಿ, ಚೀಟೀಲಿ ಏನಿದೆಯೋ ಅದನ್ನೇ ಕೊಡೋದು ನನ್ನ ಕೆಲಸ. ಅಲ್ಲೂ ಅಷ್ಟೆ. ಪಾಠದಲ್ಲಿ ಏನಿದೆಯೋ ಅದನ್ನೇ ಬರೀರಿ. ನಿಮ್ಮ ತಲೇಲಿರೋದನ್ನ ಯಾರೂ ಕೇಳಲ್ಲ."

"ನನ್ನ ತಲೇಲಿರೋದನ್ನ ಈ ಮನೇಲಿ ಯಾವತ್ತು ಯಾರು ಕೇಳಿದಾರೆ?" ಎಂದು ಗುರ್ ಅಂದು ಹೊರಟೆ.

ಪ್ರಶ್ನೆಪತ್ರಿಕೆ ಬಿಡಿಸಿದರೆ, ಆಹಾ! ಪಾಠ ಗೋಪುರ ಗಡಿಯಾರದ ಮೇಲೆಯೇ! ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡೆ. ಮೂರನೇ ಸಾಲಿಗೆ ನನ್ನ ರಕ್ತ ಕುದಿಯಿತು. ಆ ಊರಿನವರು ಗಡಿಯಾರಕ್ಕೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತಿದ್ದರಂತೆ. ವಾರಕ್ಕೊಮ್ಮೆ! ಅದೇನು ಗಡಿಯಾರವೋ, ಬಾಣಲೆಯೋ?

'ಗಡಿಯಾರಕ್ಕೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತಿದ್ದರು. ಸರಿಯೋ, ತಪ್ಪೋ, ಪಾಠದಲ್ಲಿ ಹೇಳಿಲ್ಲವೋ?' ಶುದ್ಧ ತಪ್ಪು! 'ರಿಪೇರಿಯವನು ತನ್ನ ಕೆಲಸದಲ್ಲಿ ಸುಖವಾಗಿದ್ದ.' ಪಾಠದಲ್ಲಿ ಆ ಸುದ್ದಿಯೇ ಇರಲಿಲ್ಲ, ನಿಜ. ಆದರೆ ಯಾವ ರಿಪೇರಿಯವನು ಸುಖವಾಗಿದ್ದಾನೆ, ಹೇಳಿ? ಇದೂ ತಪ್ಪು! ಹೀಗೆ ಕಂಡಕಂಡ ತಪ್ಪನ್ನೆಲ್ಲ ತಿದ್ದಿ ಎದ್ದು ಬಂದೆ.

ನಲವತ್ತಕ್ಕೆ ಒಂಬತ್ತು ಬಂತು.

ಬಿಡುತ್ತೇನೆಯೇ? ಆ ಪಾಠದ ಮಾನ ಹರಾಜು ಹಾಕಿ ನಾಲ್ಕು ಪುಟದ ಆಕ್ಷೇಪಪತ್ರ ಬರೆದೆ.

"ಪರೀಕ್ಷೆ ಮಾಡೋರಿಗೇ ಪಾಠ ಹೇಳ್ತೀರಾ?" ಎಂದಳು ಹೆಂಡತಿ.

"ಬೇಕಾದವರು ಕಲೀಲಿ!"

ಎಂಟು ದಿನಕ್ಕೆ ಉತ್ತರ ಬಂತು. ವರ್ಕ್‌ಶಾಪಿನ ಬಾಗಿಲಲ್ಲೇ ನಿಂತು ಒಡೆದೆ. 'ನಿಮ್ಮ ಆಕ್ಷೇಪ ನ್ಯಾಯವಾಗಿದೆ. ಪಾಠದಲ್ಲಿ ತಾಂತ್ರಿಕ ದೋಷಗಳಿವೆ.' ಗೆದ್ದೆ! ಕಾಗದ ಅಂಗಿಯ ಜೇಬು ಸೇರಿತು, ನನ್ನ ಕಾಲು ನೆಲ ಬಿಟ್ಟಿತು. ಎರಡು ದಿನ ಸಿಕ್ಕಸಿಕ್ಕವರಿಗೆಲ್ಲ ಆ ಎರಡು ಸಾಲು ಓದಿ ಹೇಳಿದ್ದೇ ಹೇಳಿದ್ದು. ಈಗಿನ ಮೇಸ್ತ್ರಿ ನನ್ನನ್ನು ಕಂಡರೆ ಕುರ್ಚಿಯ ತುದಿಗೆ ಸರಿಯುತ್ತಿದ್ದ.

ಭಾನುವಾರ ಅಂಗಿ ಒಗೆಯಲು ಹೊರಟ ಹೆಂಡತಿಗೆ ಕಾಗದ ಸಿಕ್ಕಿತು. ಓದುತ್ತ ಓದುತ್ತ ಅವಳ ಮುಖ ಸಣ್ಣಗಾಯಿತು.

"ಇದನ್ನ ಪೂರ್ತಿ ಓದಿದ್ರಾ?"

"ಪೂರ್ತಿ ಓದೋಕೇನಿದೆ? ತಪ್ಪು ಒಪ್ಕೊಂಡಿದಾರಲ್ಲ!"

ರೋಗಿಗೆ ಮಾತ್ರೆಯ ಹೊತ್ತು ಹೇಳುವ ದನಿಯಲ್ಲಿ ಬಿಡಿಸಿ ಹೇಳಿದಳು. "'ಆದರೆ ಪಾಠದಲ್ಲಿ ಇರುವುದೇ ಉತ್ತರವಾದ್ದರಿಂದ ಅಂಕ ಬದಲಾಗುವುದಿಲ್ಲ. ನಿಮಗೆ ಮರುಪರೀಕ್ಷೆಯ ಒಂದೇ ಒಂದು ಅವಕಾಶ ಕೊಡಲಾಗಿದೆ. ಇದೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ.'"

ಇಬ್ಬರೂ ಗೋಡೆ ಗಡಿಯಾರದ ಕಡೆ ನೋಡಿದೆವು. ಹನ್ನೊಂದೂ ಇಪ್ಪತ್ತು.

"ಅದು ಮುಂದಿದೆಯೇನೋ," ಎಂದಳು, ಪಾಪ, ನನ್ನ ಸಮಾಧಾನಕ್ಕೆ.

ಮುಂದೆ ಹೇಗಿರುತ್ತದೆ! ನಾನೇ ರಿಪೇರಿ ಮಾಡಿದ್ದು. ವರ್ಷಕ್ಕೆ ಒಂದು ನಿಮಿಷ ಕೂಡ ಹೆಚ್ಚುಕಮ್ಮಿಯಿಲ್ಲ!