ನೆರಳನ್ನು ಅಳಿಸಲು ಮರೆತಿದ್ದೆ

ಈ ಇಪ್ಪತ್ತು ವರ್ಷಗಳಲ್ಲಿ ನಾನು ಎಷ್ಟು ಜನರನ್ನು ಇಲ್ಲವಾಗಿಸಿದ್ದೇನೆ ಎಂದು ಕೇಳಿದರೆ ಹೇಳುವುದು ಕಷ್ಟ. ವಧುವಿನ ಬೆನ್ನ ಹಿಂದೆ ಬಾಯಿ ಅಗಲಿಸಿ ಆಕಳಿಸುತ್ತಿದ್ದ ದೊಡ್ಡಪ್ಪಂದಿರು, ಕೋಟೆ ಬಾಗಿಲಿನ ಮುಂದೆ ಮೊಬೈಲು ಎತ್ತಿ ಹಿಡಿದು ನಿಂತಿದ್ದ ಪ್ರವಾಸಿಗಳು, ಉದ್ಘಾಟನೆಯ ರಿಬ್ಬನ್ನಿಗೆ ಕೈ ಚಾಚಿದ್ದ, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಮಹನೀಯರು, ಎಲ್ಲರನ್ನೂ ಕುರ್ಚಿ ಬಿಟ್ಟೇಳದೆ ಮುಗಿಸಿದ್ದೇನೆ. ಪೊಲೀಸರು ಒಂದು ದಿನವೂ ಬಂದಿಲ್ಲ. "ಭಾಳ ಸ್ವಚ್ಛ ಮಾಡೀರಿ ನೋಡ್ರಿ" ಎಂದು ಹೊಗಳಿಸಿಕೊಂಡೇ ಬಂದಿದ್ದೇನೆ. ಬಟ್ಟೆಗೆ ಒಂದು ಕಲೆಯೂ ತಾಗದಂತೆ ಇಂಥ ಕೆಲಸ ಮಾಡುವವನಿಗೆ ಸ್ವಲ್ಪ ಕೊಬ್ಬು ಬರುವುದು ಸಹಜ. ನನಗೂ ಬಂದಿತ್ತು.

ಬೀದರಿನ ಚೌಬಾರಾ ಗೋಪುರದ ಹತ್ತಿರ, ಮಹಡಿಯ ಮೇಲೆ, ನಮ್ಮದೊಂದು ಸಣ್ಣ ಫೋಟೊ ಏಜೆನ್ಸಿ. ಫೋಟೊಗ್ರಾಫರರು ಮೂವರು: ಬೀದರಿನ ಯೂಸುಫ್, ಭಾಲ್ಕಿಯ ಗುಂಡಪ್ಪ, ಔರಾದ್ ಕಡೆಯ ಡಾಬಕಾದಿಂದ ಬರುವ ಸುಜಾತಾ. ನಾಲ್ಕನೆಯವನು ನಾನು, ಫೋಟೊ ತೆಗೆಯಲು ಬಾರದವನು. ಅವರು ತೆಗೆದದ್ದನ್ನು ಒರೆಸಿ, ತಿದ್ದಿ, ಅಡಿಬರಹ ಬರೆದು, ತಿಂಗಳಿಗೊಮ್ಮೆ ನಾಲ್ಕು ಪುಟದ ಸುದ್ದಿಪತ್ರ ತರುವುದು ನನ್ನ ಕೆಲಸ. ಯಾರು ಯಾವ ಹೊಸ ಕೆಲಸ ಹಿಡಿದಿದ್ದಾರೆ, ಯಾರ ಚಿತ್ರ ಯಾವ ಪ್ರದರ್ಶನಕ್ಕೆ ಹೋಯಿತು, ಗುಂಡಪ್ಪ ಹೊಸ ಲೆನ್ಸ್ ತಂದು ಮೊದಲ ದಿನವೇ ಹೇಗೆ ಕೆಳಗೆ ಬೀಳಿಸಿದ, ಇಂಥವೇ ಸುದ್ದಿ. ಪತ್ರಿಕೆಯವರಿಗೆ, ಗಿರಾಕಿಗಳಿಗೆ, ಬೇಡವೆಂದರೂ ನನ್ನ ಬೀಗರಿಗೆ ಅದು ಮೊಬೈಲಿನಲ್ಲಿ ತಲುಪುತ್ತದೆ. ಸುದ್ದಿಪತ್ರ ಹೊರಟ ದಿನ ನಾನು ಕಂಪ್ಯೂಟರಿನಿಂದ ಎಲ್ಲ ಮೂಲಚಿತ್ರಗಳನ್ನೂ ಕಿತ್ತು ಹಾಕುತ್ತೇನೆ. ಜಾಗ ಸಾಲುವುದಿಲ್ಲ. ತಿದ್ದಿದ್ದು ಕೈಯಲ್ಲಿರುವಾಗ ತಿದ್ದದೆ ಇದ್ದದ್ದು ಯಾರಿಗೆ ಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆ ಸಲ ಎರಡು ದೊಡ್ಡ ಸುದ್ದಿಗಳಿದ್ದವು. ಯೂಸುಫ್ ಬೀದರಿನ ಹಳೆಯ ಕ್ಷೌರದಂಗಡಿಗಳ ಕನ್ನಡಿಗಳನ್ನು ಸಾಲಾಗಿ ತೆಗೆದಿದ್ದ. ಕನ್ನಡಿಯ ಎದುರು ಕ್ಯಾಮೆರಾ ಹಿಡಿದರೆ ಹಿಡಿದವನೇ ಒಳಗೆ ಕಾಣುತ್ತಾನಲ್ಲ, ಅವನನ್ನು ಒಂದೊಂದೇ ಕನ್ನಡಿಯಿಂದ ಹೊರಗೆ ಹಾಕಿದ್ದು ನಾನು. ಇನ್ನೊಂದು ಸುಜಾತಾಳದು. ಔರಾದ್ ತಾಲ್ಲೂಕಿನ ಬಸ್ ನಿಲ್ದಾಣಗಳನ್ನು ಅವಳು ಬೆಳಗಿನ ಎಳೆಬಿಸಿಲಲ್ಲಿ ತೆಗೆದಿದ್ದಳು. ಅದಕ್ಕೆ 'ಖಾಲಿ ನಿಲ್ದಾಣಗಳು' ಎಂದು ಹೆಸರಿಟ್ಟವನು ನಾನು. ಸಂತಪುರದ ಚಿತ್ರವನ್ನು ಮೊದಲ ಪುಟಕ್ಕೆ ಆರಿಸಿದೆ. ಸುಣ್ಣದ ಗೋಡೆ, ಕಲ್ಲಿನ ಬೆಂಚು, ಬಲಗಡೆ ಅಂಚಿನಲ್ಲಿ ಬಿಚ್ಚಿದ ಛತ್ರಿ ಹಿಡಿದು ನಿಂತ ಒಬ್ಬ ಮನುಷ್ಯ. ಖಾಲಿ ನಿಲ್ದಾಣದಲ್ಲಿ ಮನುಷ್ಯನಿಗೇನು ಕೆಲಸ? ಚಹಾ ಆರುವುದರೊಳಗೆ ಅವನನ್ನು ಅಳಿಸಿದೆ. ಅಳಿಸಿ, ಹಿಂದಕ್ಕೆ ಒರಗಿ, ಉಳಿದ ಚಹಾ ಕುಡಿದೆ.

ಸುದ್ದಿಪತ್ರ ಹೊರಟ ಮರುದಿನ ಬೆಳಿಗ್ಗೆ ಭಾಲ್ಕಿಯಿಂದ ಒಬ್ಬ ನಿವೃತ್ತ ಮಾಸ್ತರರ ಫೋನು ಬಂತು. "ಎಲ್ಲಾ ಛಲೋ ಅದ ರಿ. ಆದ್ರ ಮೊದಲ್ನೇ ಪುಟದಾಗ ನೆಳ್ಳ ಅದ, ಮನುಷ್ಯಾ ಎಲ್ಲಿ ಹೋದ?"

"ಅದು ಗಿಡದ ನೆಳ್ಳ ರಿ" ಎಂದೆ.

"ಗಿಡಕ್ಕ ಕಾಲು ಇರ್ತಾವೇನ್ರಿ?" ಎಂದು ಅವರು ಫೋನಿಟ್ಟರು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಿಚ್ಚಿದ ಛತ್ರಿಯ ದುಂಡು ನೆರಳನ್ನು ನಾನು ಬೇವಿನ ಗಿಡದ್ದೆಂದು ತಿಳಿದು ಬಿಟ್ಟಿದ್ದೆ. ಅದು ನೆಲದ ಮೇಲೆ ಉದ್ದಕ್ಕೆ ಹರಿದು, ಬೆಂಚಿನ ಬಳಿ ಮಡಚಿ, ಗೋಡೆಯ ಮೇಲೆ ಎದ್ದಿತ್ತು. ಒಂದು ಕೈ ಸೊಂಟದ ಮೇಲೆ. ಕುತ್ತಿಗೆ ಸ್ವಲ್ಪ ಎಡಕ್ಕೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಆದರೆ ಅದರ ಹಿಂದೆ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದಂತಿತ್ತು. ಹಾಡಹಗಲು ಹನ್ನೊಂದು ಗಂಟೆ, ಕೆಳಗೆ ಚೌಬಾರಾದಲ್ಲಿ ಆಟೊಗಳ ಗದ್ದಲ, ನಾನು ಮಾತ್ರ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡೆ. ಸುಳ್ಳೇಕೆ ಹೇಳಲಿ, ಹೆದರಿದ್ದೆ.

ಆಮೇಲೆ ಶುರುವಾಯಿತು ನೋಡಿ. ಸುದ್ದಿಪತ್ರವನ್ನು ಒಬ್ಬರಿಗೊಬ್ಬರು ಕಳಿಸಿದರು. ನಾಲ್ಕು ದಿನದಲ್ಲಿ ಅದು ಔರಾದ್ ಬಸ್ಸಿನ ತುಂಬ ಓಡಾಡಿತು. ಸಂತಪುರದ ನಿಲ್ದಾಣದಲ್ಲಿ ಮನುಷ್ಯನಿಲ್ಲದ ನೆರಳು ನಿಲ್ಲುತ್ತದೆ, ಕ್ಯಾಮೆರಾಕ್ಕೆ ಮಾತ್ರ ಸಿಗುತ್ತದೆ ಎಂದು ಯಾರೋ ಸೇರಿಸಿದರು. ಆ ಬೆಂಚಿನ ಮೇಲೆ ಈಗ ಯಾರೂ ಕೂಡುತ್ತಿಲ್ಲವಂತೆ ಎಂದು ಸುಜಾತಾ ಬಂದು ಹೇಳಿದಳು. "ಸರ್, ಅಲ್ಲಿ ಮನುಷ್ಯಾ ಇದ್ದ. ನಾನೇ ತೆಗ್ದೀನಿ. ನೀವ್ ಹೇಳ್ಬಾರದಾ?" ಎಂದು ನೇರವಾಗಿ ಕೇಳಿದಳು. ಹೇಳಬಹುದಿತ್ತು. ಆದರೆ ಅಳಿಸುವವನು ಅಳಿಸಿದ್ದನ್ನು ಒಪ್ಪಿಕೊಂಡರೆ ಅವನ ಅನ್ನವೇ ಹೋಗುತ್ತದಲ್ಲ. "ನೋಡೋಣು" ಎಂದೆ. ನೋಡಿದ್ದು ಯೂಸುಫನ ಕನ್ನಡಿಗಳನ್ನು. ಕುರ್ಚಿ ಇದೆ, ಟವೆಲ್ ಇದೆ, ಕನ್ನಡಿ ಇದೆ, ಒಳಗೆ ಒಬ್ಬರೂ ಇಲ್ಲ. ಅಷ್ಟು ಚೆನ್ನಾಗಿ ಮಾಡಿದ ಕೆಲಸ ಮೊದಲ ಬಾರಿಗೆ ನೋಡಲಾಗಲಿಲ್ಲ. ಅವತ್ತು ಮನೆಗೆ ಹೋಗುವಾಗ ಬಿಸಿಲಲ್ಲಿ ನನ್ನ ನೆರಳು ಜೊತೆಗಿದೆಯೇ ಎಂದು ಎರಡು ಸಲ ತಿರುಗಿ ನೋಡಿದೆ. ಇತ್ತು. ಅದೂ ತಿರುಗಿ ನೋಡಿತು.

ಮುಂದಿನ ವಾರ ಮಧ್ಯಾಹ್ನ, ಮೆಟ್ಟಿಲು ಹತ್ತಿ ಒಬ್ಬ ವಯಸ್ಸಾದ ಹೆಂಗಸು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಳೆಯ ಕರಿ ಛತ್ರಿ. ಒಂದು ಕಡ್ಡಿ ಮುರಿದು ಬಟ್ಟೆ ಜೋತು ಬಿದ್ದಿತ್ತು. ಗೋಡೆಯ ಮೇಲಿನ ಆ ನೆರಳಿನ ಛತ್ರಿಗೂ ಅದೇ ಜಾಗದಲ್ಲಿ ಒಂದು ಮೂಲೆ ಜೋತು ಬಿದ್ದಿತ್ತು.

"ನಾ ಸಂತಪುರದ ಕಾಶಮ್ಮ ರಿ ಸಾಹೇಬ್ರ. ನಮ್ಮ ಮನಿಯವ್ರ ಫೋಟೊ ಒಯ್ಯಾಕ ಬಂದೀನಿ."

ಅವರ ಗಂಡನ ಹೆಸರು ಮಾಣಿಕಪ್ಪ. ಜನ್ಮದಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟವರಲ್ಲ. ಮದುವೆಯಲ್ಲಿ ಕೂಡ ಫೋಟೊ ತೆಗೆಯುವಾಗ ಛತ್ರಿ ಅಡ್ಡ ಹಿಡಿದಿದ್ದರಂತೆ. "ಆಧಾರ್ ಕಾರ್ಡಿನಾಗ ಒಂದು ಅದ ರಿ. ಅದನ್ನ ನೋಡಿದ್ರ ನಮ್ಮ ಮಗಳೇ 'ಇವ್ರು ಯಾರ ಬೇ' ಅಂತಾಳ." ಆ ಬೆಳಿಗ್ಗೆ ಮಾತ್ರ ಬೀದರಿಗೆ ಹೊರಟು ಬಸ್ಸಿಗೆ ನಿಂತಿದ್ದಾಗ, ದೊಡ್ಡ ಕ್ಯಾಮೆರಾದ ಹುಡುಗಿ "ಕಾಕಾ, ತೆಗೀಲಾ?" ಎಂದು ಕೇಳಿದ್ದಳು. ಅದೇಕೋ ಅವರು ಹ್ಞೂಂ ಅಂದುಬಿಟ್ಟರು. ಮನೆಗೆ ಬಂದು ಹೆಂಡತಿಯೆದುರು ಹೇಳಿಕೊಂಡರು: ಛತ್ರಿ ಸರಿಸಿ ನಿಂತೆ, ನಕ್ಕೆ ಕೂಡ, ಪೇಪರಿನಲ್ಲಿ ಬರುತ್ತದಂತೆ. ಒಂಬತ್ತನೇ ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ. ಸುದ್ದಿಪತ್ರ ಬಂದದ್ದು ಅದರ ಮರುವಾರ.

"ಮಗಳು ಮೊಬೈಲ್ ತೋರ್ಸಿದ್ಳು. ಎಲ್ಲಾ ಅದ, ಅವ್ರೊಬ್ರೇ ಇಲ್ಲ. ಸತ್ತವ್ರು ಫೋಟೊದಾಗಿಂದೂ ಹೋಗ್ತಾರೇನ್ರಿ ಸಾಹೇಬ್ರ?"

ಅವರು ನಿಜವಾಗಿಯೂ ಕೇಳುತ್ತಿದ್ದರು. ಆ ಪ್ರಶ್ನೆ ಅವರನ್ನು ಒಂದು ವಾರದಿಂದ ತಿನ್ನುತ್ತಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಒಪ್ಪಿಕೊಂಡೆ. "ಇಲ್ಲ ಅವ್ವಾ. ಅವ್ರಾಗೇ ಹೋಗಿಲ್ಲ. ನಾನೇ ಅಳಿಸೀನಿ."

ಕಾಶಮ್ಮ ಛತ್ರಿಯನ್ನು ಮೇಜಿನ ಮೇಲೆ ಇಟ್ಟರು. "ಯಾಕ ರಿ? ಏನ್ ಮಾಡಿದ್ರು ನಿಮಗ?"

ಸುಜಾತಾಳನ್ನು ಕರೆಸಿದೆ. ಮೂಲಚಿತ್ರವನ್ನು ನಾನು ಕಿತ್ತು ಹಾಕಿಯಾಗಿತ್ತು, ಅವಳ ಕ್ಯಾಮೆರಾದ ಕಾರ್ಡಿನ ಮೇಲೆ ಆಗಲೇ ಎರಡು ಮದುವೆಯ ಫೋಟೊಗಳು ಹಾದು ಹೋಗಿದ್ದವು. ಅಳಿಸಿದ್ದನ್ನು ಮರಳಿ ಎತ್ತುವ ಸಾಫ್ಟ್‌ವೇರ್ ಒಂದಿದೆ, ಅದನ್ನು ಆ ಕಾರ್ಡಿಗೆ ಹಚ್ಚಿ ಮೂವರೂ ಪರದೆಯ ಮುಂದೆ ಕೂತೆವು. ಬಹಳ ಹೊತ್ತಿನ ಮೇಲೆ ಸಂತಪುರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯತೊಡಗಿತು. ಮೊದಲು ಆಕಾಶ. ಆಮೇಲೆ ಗೋಡೆಯ ತಲೆ. ಆಮೇಲೆ ಬಲಗಡೆ ಕರಿ ಛತ್ರಿ.

"ಛತ್ರಿ ಬಂತ್ರಿ ಸರ್!" ಎಂದು ಸುಜಾತಾ ಎದ್ದೇ ನಿಂತಳು.

ಛತ್ರಿಯ ಕೆಳಗೆ ಹಣೆ ಶುರುವಾಗಬೇಕಾದ ಜಾಗಕ್ಕೆ ಬಂದು ಚಿತ್ರ ನಿಂತಿತು. ಅಲ್ಲಿಂದ ಕೆಳಗೆ ಬರೀ ಬೂದಿಬಣ್ಣ. ಮೂರು ಸಲ ಪ್ರಯತ್ನಿಸಿದೆವು, ಮೂರು ಸಲವೂ ಅದೇ ಗೆರೆಯಲ್ಲಿ ನಿಂತಿತು. ಒಂದು ಚಿತ್ರದಲ್ಲಿ ಛತ್ರಿ, ಇನ್ನೊಂದರಲ್ಲಿ ನೆರಳು, ನಡುವಿನ ಮನುಷ್ಯ ಎಲ್ಲಿಯೂ ಇಲ್ಲ. ಕಾಶಮ್ಮ ಪರದೆಯ ಹತ್ತಿರ ಬಗ್ಗಿ, "ಕಡೀ ಗಳಿಗ್ಯಾಗ ಮನಸ್ಸು ತಿರುಗ್ಯಾದ ಅವ್ರಿಗಿ" ಎಂದರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

ಆಧಾರ್ ಕಾರ್ಡಿನ ಮುಖವನ್ನು ತಿದ್ದಿ, ದೊಡ್ಡದು ಮಾಡಿ, ಒಳ್ಳೆಯ ಅಂಗಿ ತೊಡಿಸಿ ಕೊಡುತ್ತೇನೆ ಎಂದೆ. ಅದರಲ್ಲಿ ನಾನು ಪಳಗಿದವನು. ಅವರು ತಲೆ ಅಲ್ಲಾಡಿಸಿದರು. "ಮುಖ ನನಗ ನೆಪ್ಪ ಅದ ರಿ. ಅವ್ರು ನಿಂತಿದ್ದು ಬೇಕಾಗಿತ್ತು. ಈ ಕೈ ನೋಡ್ರಿ, ಸೊಂಟದ ಮ್ಯಾಲ. ಬಸ್ಸು ತಡ ಆದ್ರ ಹಿಂಗೇ ನಿಂದರ್ತಿದ್ರು, ಬಸ್ಸು ಇವ್ರಿಗಿ ಹೆದರಿ ಬರ್ತದೇನೋ ಅನ್ನೂ ಹಂಗ." ಗೋಡೆಯ ಮೇಲಿನ ನೆರಳನ್ನು ಬೆರಳಿನಿಂದ ಮುಟ್ಟಿ ಹೇಳಿದರು, "ಇದನ್ನೇ ಕಟ್ಟು ಹಾಕಿಸಿ ಕೊಡ್ರಿ. ಇನ್ನೇನೂ ಅಳಿಸಬ್ಯಾಡ್ರಿ."

ಹಾಗಾಗಿ ಮುಂದಿನ ಸುದ್ದಿಪತ್ರದಲ್ಲಿ ಅದೇ ಚಿತ್ರವನ್ನು ಮತ್ತೆ ಹಾಕಿ, ಹೊಸ ಅಡಿಬರಹ ಬರೆದೆ: 'ಸಂತಪುರದ ಮಾಣಿಕಪ್ಪ, ಬೀದರ್ ಬಸ್ಸಿಗೆ ಕಾಯುತ್ತಿರುವುದು. ಇವರನ್ನು ಅಳಿಸಿದವನು ಈ ಪತ್ರದ ಸಂಪಾದಕ.' ಕಟ್ಟು ಹಾಕಿಸಿದ ಚಿತ್ರವನ್ನು ನಾನೇ ಒಯ್ದೆ. ಸಂತಪುರದಲ್ಲಿ ಇಳಿದಾಗ ನಿಲ್ದಾಣದ ತುಂಬ ಜನ, ಬೆಂಚು ಪೂರ್ತಿ ಖಾಲಿ. ಹೊಸ ಅಡಿಬರಹ ಹಳೆಯ ಸುದ್ದಿಯಷ್ಟು ಜೋರಾಗಿ ಓಡಿರಲಿಲ್ಲ. ಹೆಂಗಸರು, ಮುದುಕರು ಬಿಸಿಲಲ್ಲೇ ನಿಂತಿದ್ದರು. ಗೋಡೆಯ ಮುಂದೆ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗವನ್ನು, ಯಾರೂ ಹೇಳದೆ, ಎಲ್ಲರೂ ಬಿಟ್ಟುಕೊಟ್ಟಿದ್ದರು. ನನ್ನ ಸುದ್ದಿಪತ್ರವನ್ನು ಜನ ಇಷ್ಟು ನಂಬುತ್ತಾರೆಂದು ಗೊತ್ತಿದ್ದರೆ ಹಿಂದಿನ ಸಂಚಿಕೆಗಳನ್ನು ಇನ್ನಷ್ಟು ಜವಾಬ್ದಾರಿಯಿಂದ ಬರೆಯುತ್ತಿದ್ದೆ. ಕರೆದುಕೊಂಡು ಹೋಗಲು ಬಂದಿದ್ದ ಕಾಶಮ್ಮ ಬೆಂಚಿನ ಒಂದು ತುದಿಗೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಕೂಡು ತಮ್ಮಾ. ಏನೂ ಅನ್ನಲ್ಲ ಅವ್ರು."

ಕೂತೆ. ಕಲ್ಲು ಬಿಸಿಲಿಗೆ ಕಾದಿತ್ತು. ನಾನು ಕೂತ ಕಡೆ ಮಾತ್ರ ತಣ್ಣಗಿತ್ತು ಎಂದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ನಾವಿಬ್ಬರು ಕೂತದ್ದು ನೋಡಿ ಒಬ್ಬ ಮುದುಕಿ ಬಂದು ಕೂತಳು, ಆಮೇಲೆ ಇನ್ನೊಬ್ಬಳು.

ಕಳೆದ ತಿಂಗಳು ನಮ್ಮ ಏಜೆನ್ಸಿಯ ವರ್ಷದ ಗುಂಪುಚಿತ್ರ ತೆಗೆಯುವ ದಿನ ಬಂತು. ಮೂವರೂ ಫೋಟೊಗ್ರಾಫರರು ಚಿತ್ರದಲ್ಲಿರಬೇಕಾದ್ದರಿಂದ ಅದನ್ನು ತೆಗೆಯುವವನು ಪ್ರತಿವರ್ಷ ನಾನೇ. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ತೆಗೆಯಿರಿ ಎಂದು ಯೂಸುಫ್ ಎಂದೋ ಕಲಿಸಿದ್ದ. ಹಾಗಾಗಿ ಪ್ರತಿವರ್ಷವೂ ನನ್ನ ನೆರಳು ಅವರ ಕಾಲ ಬಳಿ ಬಿದ್ದಿರುತ್ತದೆ, ಪ್ರತಿವರ್ಷವೂ ನಾನದನ್ನು ಜೋಪಾನವಾಗಿ ಅಳಿಸಿರುತ್ತೇನೆ. ಈ ಸಲ ಅಳಿಸಲಿಲ್ಲ. ಮನೆಯಲ್ಲಿ ಹೆಂಡತಿಗೆ ತೋರಿಸಿದೆ.

"ನೀವೆಲ್ಲಿದ್ದೀರ್ರಿ ಇದ್ರಾಗ?" ಎಂದಳು. ನೆಲದ ಮೇಲಿನ ನೆರಳು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಇಪ್ಪತ್ತು ವರ್ಷದ ಸುದ್ದಿಪತ್ರಗಳಲ್ಲಿ ನನ್ನದೊಂದೂ ಚಿತ್ರವಿಲ್ಲವೆಂದು ಅವಳಿಗೆ ಆಗ ಹೊಳೆದಿರಬೇಕು. "ಇದನ್ನ ಜರಾ ದೊಡ್ಡದು ಮಾಡಿಸಿ ಇಟ್ಟುಬಿಡ್ರಿ" ಎಂದಳು ಮೆಲ್ಲಗೆ, "ಮುಂದ ಹುಡುಕೋದು ತಪ್ತದ."

ಮರುದಿನ ಆಫೀಸಿನಲ್ಲಿ ಅದನ್ನು ಪರದೆಯ ತುಂಬ ದೊಡ್ಡದು ಮಾಡಿದೆ. ಎರಡೂ ಕೈ ಎತ್ತಿ ಕ್ಯಾಮೆರಾ ಹಿಡಿದ ನೆರಳು. ಮಾಣಿಕಪ್ಪನವರಂತೆ ನನ್ನ ಕುತ್ತಿಗೆಯೂ ಸ್ವಲ್ಪ ಎಡಕ್ಕೆ ವಾಲಿತ್ತು, ಮೊದಲು ಹಾಗಿತ್ತೋ ಇಲ್ಲವೋ ನೆನಪಿಲ್ಲ. ಇದಕ್ಕೇ ನಾಳೆ ಹಾರ ಬೀಳುವುದು ಎಂದುಕೊಂಡು ಬಹಳ ಹೊತ್ತು ನೋಡಿದೆ. ಹೊಟ್ಟೆಯ ಕಡೆ ನೆರಳು ಸ್ವಲ್ಪ ಅಗಲವಾಗಿ ಕಂಡಿತು. ಬಾಗಿಲ ಕಡೆ ಒಮ್ಮೆ ನೋಡಿ, ಅಷ್ಟನ್ನು ಮಾತ್ರ ಒರೆಸಿದೆ.